‘ಸ್ವಲ್ಪ ಮುಂಗೋಪಿ, ಆದ್ರೆ ಮನಸ್ಸು ಒಳ್ಳೇದು’: ಈ ಮಾತನ್ನು ಎಷ್ಟು ನಂಬಬೇಕು?

ಪ್ರಶ್ನೆ: ಮಗಳಿಗೆ ಗಂಡು ನೋಡುತ್ತಿದ್ದೇವೆ. ತುಮಕೂರು ಕಡೆಯ ಒಂದು ಸಂಬಂಧ ಬಂದಿದೆ. ಹುಡುಗ ಓದಿದ್ದಾನೆ, ಕೆಲಸವೂ ಚೆನ್ನಾಗಿದೆ. ಮಾತು ತಂದವರು ಎಲ್ಲ ಹೇಳಿ ಕೊನೆಗೆ, ‘ಹುಡುಗ ಸ್ವಲ್ಪ ಮುಂಗೋಪಿ, ಆದ್ರೆ ಮನಸ್ಸು ಒಳ್ಳೇದು’ ಅಂದರು. ಅವತ್ತಿನಿಂದ ಮನೆಯಲ್ಲಿ ಇದೇ ಚರ್ಚೆ. ನಮ್ಮ ಅತ್ತೆಯವರು, ‘ಮುಂಗೋಪ ಅಂದ್ರೆ ಹಾಲು ಉಕ್ಕಿದ ಹಾಗೆ. ಬೇಗ ಬರುತ್ತೆ, ಬೇಗ ಇಳಿಯುತ್ತೆ. ಅದಕ್ಯಾಕೆ ಹೆದರಬೇಕು?’ ಅನ್ನುತ್ತಾರೆ. ನಮ್ಮ ಯಜಮಾನರ ಪ್ರಕಾರ ಮುಂದೆ ಕೋಪ, ಹಿಂದೆ ಪ್ರೀತಿ ಇರುವವನೇ ಮುಂಗೋಪಿ. ನನ್ನ ತಮ್ಮ, ‘ಕೋಪಿಷ್ಠ ಅನ್ನೋದನ್ನೇ ಮೆತ್ತಗೆ ಹೇಳಿದ್ದಾರೆ, ಬೇಡವೇ ಬೇಡ’ ಅನ್ನುತ್ತಾನೆ. ಕನ್ನಡ ಮೇಷ್ಟ್ರಾಗಿ ನಿವೃತ್ತರಾದ ನಮ್ಮ ಭಾವನವರು, ‘ಅದು ಅರಿಸಮಾಸ, ಪದವೇ ತಪ್ಪು’ ಅಂದುಬಿಟ್ಟರು. ಇದರ ಜೊತೆಗೆ ಇನ್ನೊಂದು ತೊಡಕು. ನಮ್ಮ ಮಗಳಿಗೂ ಬೇಗ ಸಿಟ್ಟು, ಬೇಗ ಅಳು, ಬೇಗ ನಗು. ಅವಳ ವಿಷಯ ಅವರಿಗೆ ಏನಂತ ಹೇಳಬೇಕು? ಮುಂಗೋಪಿ ಅನ್ನೋದಾ, ಭಾವುಕಳು ಅನ್ನೋದಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಬೆರೆತಿವೆ. ಒಂದು ಪದದ್ದು, ಇನ್ನೊಂದು ಹುಡುಗನದ್ದು. ಪದದ ಬಗ್ಗೆ ನಾನು ಧೈರ್ಯವಾಗಿ ಮಾತಾಡಬಲ್ಲೆ. ಮೊದಲು ನಿಘಂಟಿನ ಕೆಲಸ, ಆಮೇಲೆ ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸ ಮಾಡಿದವನು ನಾನು. ಹುಡುಗನ ಬಗ್ಗೆ ಏನೂ ಹೇಳಲಾರೆ. ಆದರೆ ‘ಮುಂಗೋಪಿ’ ಅನ್ನುವ ಪದ ಅವನ ಬಗ್ಗೆ ಎಷ್ಟು ಹೇಳಿದೆ, ಎಷ್ಟು ಹೇಳದೆ ಬಿಟ್ಟಿದೆ ಅನ್ನುವುದನ್ನು ಬಿಡಿಸಿ ತೋರಿಸಬಹುದು. ನಿಮ್ಮ ಮನೆಯ ನಾಲ್ಕೂ ಜನ ಆ ಪದದೊಳಗೆ ತಮಗೆ ಬೇಕಾದ್ದನ್ನು ತುಂಬಿಕೊಂಡಿದ್ದಾರೆ. ತೊಂದರೆ ಇರುವುದೇ ಅಲ್ಲಿ.

ಮೊದಲು ಭಾವನವರ ಆಕ್ಷೇಪ ಮುಗಿಸಿಬಿಡೋಣ. ಅವರ ಮಾತು ಅರ್ಧ ಸರಿ. ‘ಮುನ್’ ಕನ್ನಡದ್ದು, ‘ಕೋಪ’ ಸಂಸ್ಕೃತದ್ದು. ಹೀಗೆ ಎರಡು ಮನೆಯ ಪದ ಕೂಡಿಸಿ ಸಮಾಸ ಮಾಡಿದರೆ ಹಳೆಯ ವ್ಯಾಕರಣ ಅದನ್ನು ಅರಿಸಮಾಸ ಅನ್ನುತ್ತದೆ. 13ನೇ ಶತಮಾನದ ವ್ಯಾಕರಣಕಾರ ಕೇಶಿರಾಜನಿಗೆ ಇದು ಇಷ್ಟವಿಲ್ಲ. ಬಿರುದಾವಳಿಗೆ, ಹಿಂದಿನ ಕವಿಗಳು ಬಳಸಿಬಿಟ್ಟ ಮಾತಿಗೆ ಮಾತ್ರ ಅವನು ರಿಯಾಯಿತಿ ಕೊಡುತ್ತಾನೆ. ಆದರೆ ಅದೇ ಲೆಕ್ಕ ಹಿಡಿದರೆ ‘ಮಳೆಗಾಲ’ವೂ ಹೋಗಬೇಕಲ್ಲ! ಮಳೆ ಕನ್ನಡ, ಕಾಲ ಸಂಸ್ಕೃತ. ಆದೇಶ ಸಂಧಿಗೆ ಉದಾಹರಣೆ ಕೊಡಿ ಅಂದರೆ ಎಲ್ಲ ಮೇಷ್ಟ್ರುಗಳೂ ಮಳೆ ಮತ್ತು ಕಾಲ ಸೇರಿ ಮಳೆಗಾಲ ಅಂತಲೇ ಬರೆಸುತ್ತಾರೆ. ನಿಮ್ಮ ಭಾವನವರೂ ಬರೆಸಿರುತ್ತಾರೆ. ಮುನ್ ಮತ್ತು ಕೋಪ ಸೇರಿ ಮುಂಗೋಪ ಆಗಿದ್ದೂ ಅದೇ ದಾರಿಯಲ್ಲಿ. ಕಕಾರ ಗಕಾರವಾಯಿತು, ಅಷ್ಟೇ. ಹಾಗಾಗಿ ಪದ ತಪ್ಪಲ್ಲ. ಕೆಲವರು ‘ಮುಂಕೋಪಿ’ ಅಂತ ಬರೆಯುತ್ತಾರೆ, ಅದನ್ನು ಮಾತ್ರ ತಿದ್ದಬೇಕು. ಮುಂಗೈ, ಮುಂಗಾಲು, ಮುಂಗುರುಳು ಇದ್ದ ಹಾಗೆ ಮುಂಗೋಪಿ.

ಈಗ ನಿಮ್ಮ ಯಜಮಾನರ ಅರ್ಥಕ್ಕೆ ಬರೋಣ. ಕೇಳಲು ಚೆನ್ನಾಗಿದೆ, ಆದರೆ ಆಗದ ಮಾತು. ‘ಮುಂ’ ಕನ್ನಡದಲ್ಲಿ ಎರಡು ಕೆಲಸ ಮಾಡುತ್ತದೆ. ಮುಂಗಾಲು, ಮುಂಬಾಗಿಲು ಅಂದಾಗ ಜಾಗ ಹೇಳುತ್ತದೆ, ಎದುರಿನದು ಅಂತ. ಮುಂಗಡ, ಮುಂಗಾರು, ಮುಂಜಾವು ಅಂದಾಗ ಹೊತ್ತು ಹೇಳುತ್ತದೆ, ಮೊದಲು ಬರುವುದು ಅಂತ. ಮುಂಗೋಪ ಈ ಎರಡನೇ ಗುಂಪಿನದು. ಯೋಚನೆಗಿಂತ, ವಿಚಾರಿಸುವುದಕ್ಕಿಂತ ಮೊದಲೇ ಬಂದುಬಿಡುವ ಕೋಪ ಅದು. ಪ್ರೀತಿ ಹಿಂದೆ ನಿಂತಿದೆ ಅನ್ನುವುದು ಪದದಲ್ಲಿ ಎಲ್ಲೂ ಇಲ್ಲ. ಅಕ್ಕಪಕ್ಕದ ಭಾಷೆಗಳನ್ನು ಕೇಳಿದರೂ ಇದೇ ಗೊತ್ತಾಗುತ್ತದೆ. ತಮಿಳಿನಲ್ಲಿ, ಮಲಯಾಳದಲ್ಲಿ ಇದೇ ಪದ ‘ಮುನ್‌ಕೋಪಿ’ ಅಂತ ಇದೆ, ಅರ್ಥವೂ ಥಟ್ಟನೆ ಸಿಟ್ಟಾಗುವವನು ಅಂತಲೇ. ತೆಲುಗಿನಲ್ಲಿ ‘ಮುಕ್ಕೋಪಿ’ ಅನ್ನುತ್ತಾರೆ. ಅದನ್ನು ಕೇಳಿದವರಿಗೆ ಮುಕ್ಕು, ಅಂದರೆ ಮೂಗು, ನೆನಪಾಗದೆ ಇರುವುದಿಲ್ಲ. ನಾವೂ ‘ಅವನಿಗೆ ಮೂಗಿನ ತುದಿಯಲ್ಲೇ ಕೋಪ’ ಅನ್ನುತ್ತೇವಲ್ಲ. ಅಲ್ಲೂ ಹೇಳುತ್ತಿರುವುದು ಒಂದೇ, ಕೋಪ ಹೊರಗೆ ಬರಲು ಜಾಸ್ತಿ ದೂರ ನಡೆಯಬೇಕಾಗಿಲ್ಲ.

ಅತ್ತೆಯವರ ಮಾತು ಇವೆಲ್ಲಕ್ಕಿಂತ ಮುಖ್ಯ. ಕರ್ನಾಟಕದ ಅರ್ಧ ಮನೆಗಳಲ್ಲಿ ಇದೇ ನಂಬಿಕೆ ಇದೆ. ಮುಂಗೋಪಿಯ ಕೋಪ ಬೇಗ ಬಂದು ಬೇಗ ಹೋಗುತ್ತದೆ, ಒಳಗೆ ಕಲ್ಮಶ ಇರುವುದಿಲ್ಲ ಅಂತ. ಪದ ಹೇಳುವುದು ಕೋಪ ಬೇಗ ಬರುತ್ತದೆ ಅನ್ನುವುದನ್ನು ಮಾತ್ರ. ಅದು ಯಾವಾಗ ಹೋಗುತ್ತದೆ ಅನ್ನುವುದರ ಬಗ್ಗೆ ಪದಕ್ಕೆ ಮಾತಿಲ್ಲ. ಥಟ್ಟನೆ ರೇಗಿ ವಾರಗಟ್ಟಲೆ ಮಾತು ಬಿಡುವವನೂ ಮುಂಗೋಪಿಯೇ. ಐದು ನಿಮಿಷಕ್ಕೆ ಮರೆತು ಕಾಫಿ ಕೇಳುವವನೂ ಮುಂಗೋಪಿಯೇ. ಕನ್ನಡದಲ್ಲಿ ಇಬ್ಬರಿಗೂ ಒಂದೇ ಪದ. ಮುಂಗಾರಿಗೆ ಹಿಂಗಾರು ಅಂತ ಜೋಡಿ ಇದೆ, ಮುಂಗೋಪಕ್ಕೆ ‘ಹಿಂಗೋಪ’ ಅಂತ ಜೋಡಿ ಹುಟ್ಟಲೇ ಇಲ್ಲ. ಇದ್ದಿದ್ದರೆ ನಿಮ್ಮ ಚರ್ಚೆ ಸ್ವಲ್ಪ ಸಲೀಸಾಗುತ್ತಿತ್ತೋ ಏನೋ.

ಇನ್ನು ಆ ಹಾಲಿನ ಹೋಲಿಕೆ. ಉಕ್ಕಿದ ಹಾಲು ಇಳಿಯುತ್ತದೆ, ನಿಜ. ಒಲೆ ಒರೆಸುವವರು ಯಾರು? ಕೋಪ ಎಷ್ಟು ಹೊತ್ತು ಇತ್ತು ಅನ್ನುವುದಕ್ಕಿಂತ ಆ ಹೊತ್ತಿನಲ್ಲಿ ಏನಾಯಿತು ಅನ್ನುವುದು ದೊಡ್ಡದು. ದೂರ್ವಾಸನನ್ನೇ ನೋಡಿ. ಕಾಳಿದಾಸನ ನಾಟಕದಲ್ಲಿ ಶಕುಂತಲೆಯ ಗೆಳತಿ ಅವನನ್ನು ‘ಸುಲಭಕೋಪ’ದ ಮಹರ್ಷಿ ಅನ್ನುತ್ತಾಳೆ. ಮುಂಗೋಪಿಗೆ ಸಂಸ್ಕೃತದಲ್ಲಿ ಇದಕ್ಕಿಂತ ಹತ್ತಿರದ ಪದ ನನಗೆ ಸಿಕ್ಕಿಲ್ಲ. ಬೇಡಿಕೊಂಡಾಗ ಅವನ ಮನಸ್ಸು ಕರಗುತ್ತದೆ. ಗುರುತಿನ ಒಡವೆ ಕಂಡಾಗ ಶಾಪ ಮುಗಿಯಲಿ ಅನ್ನುತ್ತಾನೆ. ಆದರೆ ಶಾಪವನ್ನು ವಾಪಸು ತೆಗೆದುಕೊಳ್ಳುವುದಿಲ್ಲ. ಅವನ ಕೋಪ ಕೆಲವೇ ಗಳಿಗೆಯದು, ಅನುಭವಿಸಿದ್ದು ಮಾತ್ರ ಶಕುಂತಲೆ, ಅದೂ ವರ್ಷಗಟ್ಟಲೆ. ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬಾರದು ಅಂತ ನಮ್ಮವರು ಗಾದೆ ಕಟ್ಟಿದ್ದು ಇಂಥದ್ದನ್ನೆಲ್ಲ ನೋಡಿಯೇ ಇರಬೇಕು.

ಹಾಗಾದರೆ ಮುಂಗೋಪಿ ಅನ್ನುವ ಪದಕ್ಕೆ ಈ ಒಳ್ಳೆಯ ಹೆಸರು ಬಂದಿದ್ದು ಎಲ್ಲಿಂದ? ಒಂದು ಕಾರಣ, ನಾವು ಅವನನ್ನು ಯಾವಾಗಲೂ ಇನ್ನೊಬ್ಬನ ಪಕ್ಕ ನಿಲ್ಲಿಸಿ ನೋಡುತ್ತೇವೆ. ಆ ಇನ್ನೊಬ್ಬ ಮೇಲೆ ನಗುತ್ತಾ ಒಳಗೊಳಗೇ ಹಲ್ಲು ಮಸೆಯುವವನು, ಹಗೆ ಸಾಧಿಸುವವನು. ಅವನ ಪಕ್ಕದಲ್ಲಿ ಯಾರಾದರೂ ಒಳ್ಳೆಯವರಾಗಿಯೇ ಕಾಣುತ್ತಾರೆ. ‘ಇದ್ದದ್ದನ್ನು ಮುಖಕ್ಕೆ ಹೇಳಿಬಿಡ್ತಾನೆ, ಮನಸ್ಸಲ್ಲಿ ಇಟ್ಕೊಳ್ಳೋನಲ್ಲ’ ಅನ್ನುವ ಮಾತು ಅಲ್ಲಿಂದ ಬಂದದ್ದು. ಮುಖಕ್ಕೆ ಹೇಳುವವರೆಲ್ಲ ಮನಸ್ಸಲ್ಲಿ ಇಟ್ಟುಕೊಳ್ಳುವುದಿಲ್ಲ ಅನ್ನುವುದು ನಮ್ಮ ಊಹೆ ಅಷ್ಟೇ. ಎರಡನ್ನೂ ಮಾಡುವವರನ್ನು ನೀವೂ ನೋಡಿರುತ್ತೀರಿ.

ಇನ್ನೊಂದು ಕಾರಣ ಕರಡು ತಿದ್ದುವಾಗ ನನ್ನ ಕಣ್ಣಿಗೆ ಬಿದ್ದದ್ದು. ‘ಮುಂಗೋಪಿ, ಆದರೆ ಮಗುವಿನಂಥ ಮನಸ್ಸು’ ಅನ್ನುವ ಸಾಲು ನುಡಿನಮನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಬರುವುದು ಯಾರ ಬಗ್ಗೆ? ಹೆಡ್‌ಮಾಸ್ತರು, ಸಂಪಾದಕರು, ದೊಡ್ಡ ಅಧಿಕಾರಿ, ನಾಟಕ ಕಂಪನಿಯ ಯಜಮಾನರು. ಅದೇ ಕಚೇರಿಯ ಜವಾನನ ಬಗ್ಗೆ ಯಾರೂ ಹಾಗೆ ಬರೆದದ್ದು ನಾನು ಕಾಣೆ. ಜವಾನ ಸಾಹೇಬರ ಮೇಲೆ ಒಂದು ಸಲ ರೇಗಿದರೆ ಅವನಿಗೆ ಬೇರೆ ಪದಗಳು ಕಾದಿರುತ್ತವೆ. ಕೊಬ್ಬು, ಅಹಂಕಾರ, ತಲೆ ತಿರುಗಿದೆ. ಅಂದರೆ ಮುಂಗೋಪಿ ಅನ್ನಿಸಿಕೊಳ್ಳುವುದಕ್ಕೂ ಒಂದು ಅಂತಸ್ತು ಬೇಕು. ಕೋಪ ಮಾಡಿಕೊಂಡರೂ ನಡೆಯುತ್ತದೆ ಅನ್ನುವ ಜಾಗದಲ್ಲಿ ಕೂತವರಿಗೆ ಮೀಸಲಾದ ಪದ ಇದು. ಗಂಡಸು ಹೆಂಗಸರ ವಿಷಯದಲ್ಲೂ ಹೀಗೇ. ವ್ಯಾಕರಣದ ಲೆಕ್ಕದಲ್ಲಿ ಮುಂಗೋಪಿ ಅನ್ನುವುದು ಇಬ್ಬರಿಗೂ ನಡೆಯುತ್ತದೆ, ರೋಗಿ, ಜ್ಞಾನಿ ಅಂದ ಹಾಗೆ. ಆದರೆ ಬಳಕೆಯಲ್ಲಿ ಅದು ಗಂಡಿಗೇ ಜಾಸ್ತಿ. ಅದೇ ಗುಣ ಹೆಣ್ಣಿನಲ್ಲಿ ಕಂಡರೆ ‘ಹುಡುಗಿ ಸ್ವಲ್ಪ ಜೋರು’ ಅನ್ನುತ್ತಾರೆ. ಇನ್ನೂ ಮುಂದೆ ಹೋದರೆ ಬಾಯಿಬಡುಕಿ, ಬಜಾರಿ. ‘ಮನಸ್ಸು ಒಳ್ಳೇದು’ ಅನ್ನುವ ಬಾಲ ಅವಳಿಗೆ ಸಿಗುವುದು ಅಪರೂಪ. ಇದನ್ನು ನೆನಪಿಟ್ಟುಕೊಳ್ಳಿ, ನಿಮ್ಮ ಮಗಳ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ನಿಮ್ಮ ತಮ್ಮ ಹೇಳಿದ್ದು ಪೂರ್ತಿ ತಪ್ಪಲ್ಲ, ಪೂರ್ತಿ ಸರಿಯೂ ಅಲ್ಲ. ಕೋಪಿಷ್ಠ ಅನ್ನುವುದರಲ್ಲಿರುವ ‘ಇಷ್ಠ’ ಬಲಿಷ್ಠ, ಕನಿಷ್ಠಗಳಲ್ಲಿ ಇರುವುದೇ. ಎಲ್ಲರಿಗಿಂತ ಹೆಚ್ಚು ಅಂತ ಅದರ ಅರ್ಥ. ಅದಕ್ಕೇ ಅಲ್ಲಿ ಠಕಾರ ಬರೆಯಬೇಕು, ಟಕಾರ ಅಲ್ಲ. ಕೋಪಿಷ್ಠ ಕೋಪದ ಪ್ರಮಾಣ ಹೇಳುವ ಪದ, ಮುಂಗೋಪಿ ಕೋಪದ ವೇಗ ಹೇಳುವ ಪದ. ಒಬ್ಬನಿಗೆ ಕೋಪ ಬರುವುದು ಅಪರೂಪ, ಬಂದರೆ ಮನೆ ನಡುಗುತ್ತದೆ. ಅವನು ಕೋಪಿಷ್ಠ, ಮುಂಗೋಪಿ ಅಲ್ಲ. ಸಿಡುಕ ಬೇರೆಯೇ ಜಾತಿ. ಅವನದು ದೊಡ್ಡ ಕೋಪವಲ್ಲ, ಬೆಳಗಿಂದ ರಾತ್ರಿವರೆಗೆ ನಿಲ್ಲದ ಕಿರಿಕಿರಿ. ಚಟ್ನಿಗೆ ಉಪ್ಪು ಕಮ್ಮಿ, ಫ್ಯಾನ್ ಯಾಕೆ ಹಾಕಿಲ್ಲ, ಚಪ್ಪಲಿ ಯಾರು ಇಲ್ಲಿ ಬಿಟ್ಟಿದ್ದು. ನನ್ನನ್ನು ಕೇಳಿದರೆ, ಜೊತೆಯಲ್ಲಿ ಬದುಕಲು ಮುಂಗೋಪಿಗಿಂತ ಸಿಡುಕ ಕಷ್ಟ. ಮದುವೆಯ ಮಾತಿನಲ್ಲಿ ಇವರೆಲ್ಲರನ್ನೂ ಮುಂಗೋಪಿ ಅನ್ನುವ ಒಂದೇ ಹೆಸರಿನಡಿ ಸೇರಿಸಿಬಿಡುತ್ತಾರೆ. ಇತ್ತೀಚೆಗೆ ‘ಶಾರ್ಟ್ ಟೆಂಪರ್ ಜಾಸ್ತಿ’ ಅಂತಲೂ ಹೇಳುತ್ತಾರೆ. ಅದು ಇನ್ನೂ ಅಸ್ಪಷ್ಟ.

ಹಳೆಯ ಕನ್ನಡದಲ್ಲಿ ಕೋಪಕ್ಕೆ ಇದ್ದ ಅಚ್ಚ ಮಾತು ‘ಮುನಿ’. ಮುನಿಯಬೇಡ ಅಂತ ಬಸವಣ್ಣ ಹೇಳಿದ್ದು ಕೋಪ ಮಾಡಿಕೊಳ್ಳಬೇಡ ಅನ್ನುವ ಅರ್ಥದಲ್ಲಿ. ಇವತ್ತು ಮುನಿಸು ಅಂದರೆ ಗಂಡ ಹೆಂಡತಿ ಒಂದು ದಿನ ಮಾತು ಬಿಡುವಷ್ಟಕ್ಕೆ ಇಳಿದಿದೆ. ರೇಗಿಸು ಅನ್ನುವುದಂತೂ ತಮಾಷೆ ಮಾಡು ಅನ್ನುವ ಅರ್ಥಕ್ಕೂ ಬಂದಿದೆ, ‘ಸುಮ್ನೆ ರೇಗಿಸ್ತಿದ್ದೆ ಕಣೋ’ ಅನ್ನುವುದಿಲ್ಲವೇ. ಕೋಪದ ಪದಗಳು ಬಳಸಿ ಬಳಸಿ ಮೆತ್ತಗಾಗುತ್ತವೆ. ಮುಂಗೋಪಿಯೂ ಹಾಗೇ ಮೆತ್ತಗಾಗಿದೆ, ಅದರ ಮುಂದೆ ‘ಸ್ವಲ್ಪ’ ಸೇರಿದರೆ ಕೇಳುವುದೇ ಬೇಡ. ಮದುವೆಯ ಮಾತುಕತೆಯಲ್ಲಿ ‘ಸ್ವಲ್ಪ’ ಅನ್ನುವುದಕ್ಕೆ ಅಳತೆ ಇಲ್ಲ.

ಈಗ ನಿಮ್ಮ ನಿರ್ಧಾರಕ್ಕೆ ನೇರವಾಗಿ ಬೇಕಾದ ಒಂದು ಸಂಗತಿ. ಕನ್ನಡದಲ್ಲಿ ‘ನಾನು ಕೋಪ’ ಅನ್ನುವುದಿಲ್ಲ, ‘ನನಗೆ ಕೋಪ ಬಂತು’ ಅನ್ನುತ್ತೇವೆ. ಕೋಪ ಹೊರಗಿನಿಂದ ಬರುತ್ತದೆ, ಹೋಗುತ್ತದೆ. ಯಾಕೆ ಬಂತು, ಯಾರ ಮೇಲೆ ಬಂತು, ಹೇಗೆ ಹೋಯಿತು ಅಂತ ಕೇಳಬಹುದು. ‘ಅವನು ಮುಂಗೋಪಿ’ ಅಂದ ಕೂಡಲೇ ಇದೆಲ್ಲ ಮುಚ್ಚಿಹೋಗುತ್ತದೆ. ಅಲ್ಲಿ ಕ್ರಿಯಾಪದವೇ ಇಲ್ಲ. ಅವನು ಎತ್ತರ, ಅವನು ಮುಂಗೋಪಿ. ಹುಟ್ಟಿದ್ದೇ ಹಾಗೆ, ಇನ್ನೇನು ಮಾಡೋಕಾಗುತ್ತೆ? ಮಾತು ತಂದವರು ಬೇಕೆಂದೇ ಹಾಗೆ ಹೇಳಿದರು ಅನ್ನುತ್ತಿಲ್ಲ. ಆದರೆ ಆ ವಾಕ್ಯದ ಗುಣವೇ ಅದು, ಮುಂದಿನ ಪ್ರಶ್ನೆಯನ್ನು ಕೇಳದಂತೆ ಮಾಡುತ್ತದೆ.

ಹಾಗಾಗಿ ನೀವು ಆ ಪದವನ್ನು ಮತ್ತೆ ಕ್ರಿಯಾಪದಕ್ಕೆ ತನ್ನಿ. ಮಾತು ತಂದವರನ್ನೇ ಕೇಳಿ: ಕೊನೆಯ ಸಲ ಕೋಪ ಬಂದಾಗ ಏನು ಮಾಡಿದ? ಯಾರ ಮೇಲೆ? ಆಮೇಲೆ ತಾನಾಗಿ ಬಂದು ಮಾತಾಡಿಸಿದನೋ, ಮನೆಯವರೇ ಸಮಾಧಾನ ಮಾಡಬೇಕಾಯಿತೋ? ಇವುಗಳಲ್ಲಿ ‘ಯಾರ ಮೇಲೆ’ ಅನ್ನುವುದಕ್ಕೆ ಬರುವ ಉತ್ತರವನ್ನು ಗಮನವಿಟ್ಟು ಕೇಳಿಸಿಕೊಳ್ಳಿ. ಆಫೀಸಿನಲ್ಲಿ ಮ್ಯಾನೇಜರ್ ಎದುರು ಬಾಯಿ ಬಿಡದೆ, ಮನೆಗೆ ಬಂದು ಅಮ್ಮನ ಮೇಲೆ, ತಂಗಿಯ ಮೇಲೆ, ಹೋಟೆಲ್ ಹುಡುಗನ ಮೇಲೆ ಮಾತ್ರ ಎಗರಾಡುವವನಾದರೆ ಅವನನ್ನು ಮುಂಗೋಪಿ ಅನ್ನುವುದು ಪದಕ್ಕೇ ಅನ್ಯಾಯ. ಯೋಚನೆಗಿಂತ ಮೊದಲು ಬರುವ ಕೋಪ ಆಳು ನೋಡಿ ಬರುವುದಿಲ್ಲ. ಆಳು ನೋಡಿ ಬರುತ್ತಿದೆ ಅಂದರೆ ಅಲ್ಲಿ ಯೋಚನೆ ಮೊದಲೇ ಮುಗಿದಿದೆ ಅಂತ ಅರ್ಥ.

ಹೀಗೆ ಕೇಳುವುದರಲ್ಲಿ ಅಪಾಯವೂ ಇದೆ, ಮುಚ್ಚಿಡುವುದಿಲ್ಲ. ಕೆಲವು ಮನೆಯವರು ‘ಹೆಣ್ಣಿನ ಕಡೆಯವರು ವಿಚಾರಣೆ ಮಾಡ್ತಾರೆ’ ಅಂತ ಬೇಸರ ಮಾಡಿಕೊಂಡು ಸಂಬಂಧ ಬಿಡಬಹುದು. ಬಿಟ್ಟರೆ ಬಿಡಲಿ ಅನ್ನುವಷ್ಟು ನೀವು ಗಟ್ಟಿ ಇದ್ದರೆ ಮಾತ್ರ ನೇರವಾಗಿ ಕೇಳಿ. ಇಲ್ಲದಿದ್ದರೆ ಹುಡುಗನ ಜೊತೆ ಓದಿದವರು, ಒಂದೇ ರೂಮಿನಲ್ಲಿ ಇದ್ದವರು ಯಾರಾದರೂ ಸಿಗುತ್ತಾರಾ ನೋಡಿ. ನೆಂಟರಿಗಿಂತ ರೂಮ್‌ಮೇಟ್‌ಗಳಿಗೆ ಜಾಸ್ತಿ ಗೊತ್ತಿರುತ್ತದೆ. ಇಲ್ಲಿನ ಅಪಾಯ ಬೇರೆ. ಒಬ್ಬರ ಮಾತು ಹಳೆಯ ಜಗಳದಿಂದ ಬಂದದ್ದೂ ಇರಬಹುದು. ಮೂರನೇ ದಾರಿ ನಿಮ್ಮ ಮಗಳೇ ಅವನನ್ನು ನಾಲ್ಕು ಸಲ ಭೇಟಿಯಾಗಿ ಮಾತಾಡುವುದು. ನನಗೆ ಇದೇ ಸರಿ ಕಾಣುತ್ತದೆ. ಆದರೆ ಮೊದಲ ಭೇಟಿಗಳಲ್ಲಿ ಎಲ್ಲರೂ ಸಾಧುಗಳೇ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ, ಬಿಲ್ಲಿನಲ್ಲಿ ತಪ್ಪು ಬಂದಾಗ, ತಾನು ಹೇಳಿದ್ದಕ್ಕೆ ಅವಳು ಒಪ್ಪದಿದ್ದಾಗ ಅವನು ಹೇಗಿರುತ್ತಾನೆ ಅನ್ನುವುದು ಒಂದು ಕಪ್ ಕಾಫಿಯಲ್ಲಿ ತಿಳಿಯುವುದಿಲ್ಲ. ಸಮಯ ಕೊಡಬೇಕು, ಮುಹೂರ್ತಕ್ಕೆ ಅವಸರ ಮಾಡಬಾರದು.

ಒಂದು ಗೆರೆ ಮಾತ್ರ ಸ್ಪಷ್ಟ ಇರಲಿ. ಕೈ ಎತ್ತುವುದು, ತಟ್ಟೆ ಎಸೆಯುವುದು, ಕೆಟ್ಟ ಮಾತಿನಲ್ಲಿ ಬೈದು ಅವಮಾನ ಮಾಡುವುದು ಇವು ಯಾವುವೂ ಮುಂಗೋಪ ಅನ್ನುವ ಪದದೊಳಗೆ ಬರುವುದಿಲ್ಲ. ಮಹಿಳೆಯರ ರಕ್ಷಣೆಗೆ 2005ರಲ್ಲಿ ಬಂದ ಕೌಟುಂಬಿಕ ಹಿಂಸೆಯ ಕಾನೂನು ಹೊಡೆತದ ಜೊತೆಗೆ ಮಾತಿನ ಹಿಂಸೆ, ಮನಸ್ಸಿಗೆ ಕೊಡುವ ಹಿಂಸೆಯನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಅಲ್ಲಿ ಕೇಳುವುದು ಏನು ಮಾಡಿದ ಅಂತ, ಎಂಥ ಸ್ವಭಾವದವನು ಅಂತ ಅಲ್ಲ. ‘ಮುಂಗೋಪಿ ಅಷ್ಟೇ’ ಅಂತ ಹೇಳಿ ಇಂಥದ್ದನ್ನು ಯಾರಾದರೂ ಸಣ್ಣದು ಮಾಡಿದರೆ, ಅಲ್ಲಿಗೆ ಮಾತು ನಿಲ್ಲಿಸಿ ಎದ್ದು ಬನ್ನಿ.

ಇನ್ನು ನಿಮ್ಮ ಮಗಳು. ಬೇಗ ಸಿಟ್ಟು, ಬೇಗ ಅಳು, ಬೇಗ ನಗು, ಮೂರಕ್ಕೂ ಒಟ್ಟಿಗೆ ಸಲ್ಲುವ ಒಂದು ಗುಣವಾಚಕ ಕನ್ನಡದಲ್ಲಿ ಹುಡುಕುವುದು ಕಷ್ಟ. ಮುಂಗೋಪಿ ಅಂದರೆ ಅಳು, ನಗು ಎರಡೂ ಬಿಟ್ಟುಹೋಗುತ್ತವೆ. ಜೊತೆಗೆ ಆಗಲೇ ಹೇಳಿದ ಹಾಗೆ ಹೆಣ್ಣುಮಗಳಿಗೆ ಆ ಪದ ಹಾಕಿದರೆ ಕೇಳಿದವರ ತಲೆಯಲ್ಲಿ ಅದು ‘ಜೋರು’ ಅಂತ ಅನುವಾದವಾಗುತ್ತದೆ. ಭಾವುಕಳು ಅಂದರೆ ಸಿಟ್ಟು ಬಿಟ್ಟುಹೋಗುತ್ತದೆ. ಸಂಸ್ಕೃತದಲ್ಲಿ ಭಾವುಕ ಅಂದರೆ ಕಾವ್ಯದ ರುಚಿ ಬಲ್ಲವನು ಅನ್ನುವ ಅರ್ಥವೂ ಇತ್ತು, ಶುಭ ಅನ್ನುವ ಅರ್ಥವೂ ಇತ್ತು. ಈಗ ಟಿವಿಯವರು ‘ವೇದಿಕೆಯಲ್ಲೇ ಭಾವುಕರಾದ ನಟಿ’ ಅಂತ ಹಾಕಿ ಹಾಕಿ, ಅದು ಕಣ್ಣೀರು ಹಾಕುವುದಕ್ಕೆ ಇನ್ನೊಂದು ಹೆಸರಾಗಿದೆ. ಅಲ್ಲೂ ನಿಮ್ಮ ಮಗಳು ಅರ್ಧವೇ ಸಿಗುತ್ತಾಳೆ, ಆಮೇಲೆ ಅವಳ ಸಿಟ್ಟು ಕಂಡಾಗ ‘ನೀವು ಹೇಳಲೇ ಇಲ್ಲ’ ಅನ್ನುತ್ತಾರೆ. ಉದ್ವಿಗ್ನ, ಉದ್ರಿಕ್ತ ಇವುಗಳ ಹತ್ತಿರ ಹೋಗಬೇಡಿ. ಒಂದು ಗಲಾಟೆಯಾದ ಊರಿಗೆ, ಇನ್ನೊಂದು ಗಲಾಟೆ ಮಾಡಿದ ಗುಂಪಿಗೆ ಪತ್ರಿಕೆಯವರು ಬಳಸುವ ಪದ. ‘ತುಂಬಾ ಸೂಕ್ಷ್ಮ’ ಅನ್ನುವುದು ಸಭ್ಯವಾಗಿದೆ. ಆದರೆ ಅದನ್ನು ಕೇಳಿದವರು ಹುಡುಗಿಗೆ ಆರೋಗ್ಯ ಸರಿ ಇಲ್ಲವೇನೋ ಅಂದುಕೊಳ್ಳುವ ಅಪಾಯ ಇದೆ.

ಗುಣವಾಚಕವನ್ನೇ ಬಿಟ್ಟುಬಿಡಿ. ನೀವು ನನಗೆ ಬರೆದ ವಾಕ್ಯ ಇದೆಯಲ್ಲ, ‘ಬೇಗ ಸಿಟ್ಟು, ಬೇಗ ಅಳು, ಬೇಗ ನಗು’, ಅದನ್ನೇ ಹೇಳಿ. ಅದರಲ್ಲಿ ಅವಳು ಪೂರ್ತಿ ಇದ್ದಾಳೆ. ಒಂದೆರಡು ಸಂಗತಿಯನ್ನೂ ಸೇರಿಸಿ. ಸಿಟ್ಟು ಬಂದರೆ ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೋ, ಜಗಳಕ್ಕೆ ನಿಲ್ಲುತ್ತಾಳೋ, ಎಷ್ಟು ಹೊತ್ತಿಗೆ ಸರಿಹೋಗುತ್ತಾಳೆ, ಅಂಥ ಹೊತ್ತಲ್ಲಿ ಏನಂದರೆ ಅವಳಿಗೆ ಇನ್ನೂ ಕೆರಳುತ್ತದೆ. ಹೇಳುವ ಮೊದಲು ಅವಳನ್ನು ಒಂದು ಮಾತು ಕೇಳಿ, ಅವಳ ಬಗ್ಗೆ ಹೇಳುವ ಮಾತು ಅವಳಿಗೂ ಒಪ್ಪಿಗೆಯಾಗಬೇಕಲ್ವಾ. ಬಯೋಡೇಟಾದಲ್ಲಿ ಮಾತ್ರ ಬರೆಯಬೇಡಿ. ಅದು ಯಾರ ಯಾರ ಫೋನಿಗೆ ಹೋಗುತ್ತದೋ ಗೊತ್ತಿಲ್ಲ. ಎರಡೂ ಮನೆಯವರು ಎದುರುಬದುರು ಕೂತಾಗ ಬಾಯಲ್ಲೇ ಹೇಳಿ. ನೀವು ಇಷ್ಟು ಬಿಚ್ಚಿ ಹೇಳಿದ ಮೇಲೆ ಅವರ ಹುಡುಗನ ಬಗ್ಗೆ ಅದೇ ಪ್ರಶ್ನೆಗಳನ್ನು ಕೇಳಲು ಸಂಕೋಚವೂ ಇರುವುದಿಲ್ಲ.